ಇನ್ನಾಸಪ್ಪನ ಕೊನೆಯ ಮಡಿಕೆ

ಮದಲೇನಮ್ಮನ ಹಠದ ವಿಷಯ ಮೊದಲೇ ಹೇಳಿಬಿಡುವುದು ವಾಸಿ. ಮದುವೆಯಾದ ಹೊಸದರಲ್ಲಿ ಗಂಡ ಇನ್ನಾಸಪ್ಪ, ಅವಳು ಮಾಡಿದ ಹುರುಳಿ ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾಯಿತು ಎಂದನಂತೆ. ಅಷ್ಟಕ್ಕೇ ಒಂದು ವರ್ಷ ಆ ಮನೆಯಲ್ಲಿ ಹುರುಳಿ ಬೇಯಲಿಲ್ಲ. ಕೊನೆಗೆ ಅವನೇ ಸಂತೆಯಿಂದ ಹುರುಳಿ ತಂದು, ತಾನೇ ಬೇಯಿಸಿ, ಬೇಕೆಂದೇ ಹಿಡಿ ಉಪ್ಪು ಸುರಿದು, "ಆಹಾ, ಈಗ ಹದ ಬಂತು ನೋಡು" ಎಂದು ಮುಖ ಕಿವುಚಿಕೊಂಡು ಉಂಡ ಮೇಲೆ ಅವಳು ನಕ್ಕಳು. ಇಂಥ ಹೆಂಗಸು ಒಂದು ಒಣಗಿದ ತೆಂಗಿನ ಗರಿಯನ್ನು ಐದು ವರ್ಷದಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದಳೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಗರಿ ಎಂದರೆ ಬರೀ ಗರಿಯಲ್ಲ, ಗರಿಯಲ್ಲಿ ಮಡಚಿದ ಶಿಲುಬೆ. ಈಸ್ಟರಿಗೆ ಒಂದು ವಾರ ಮುಂಚಿನ ಭಾನುವಾರ ಗರಿ ಹಬ್ಬ. ಅವತ್ತು ಚರ್ಚಿನಲ್ಲಿ ಗರಿಯನ್ನು ಮಂತ್ರಿಸಿ ಜನರಿಗೆ ಕೊಡುತ್ತಾರೆ, ಜನ ಮನೆಗೆ ತಂದು ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ. ವರ್ಷವಿಡೀ ಅದು ಅಲ್ಲೇ ಒಣಗುತ್ತದೆ. ಮುಂದಿನ ವರ್ಷ ವಿಭೂತಿ ಬುಧವಾರ ಬರುವ ಮುಂಚೆ ಅದನ್ನು ತಂದು ಚರ್ಚಿಗೆ ಒಪ್ಪಿಸಬೇಕು. ಆ ಗರಿ ಸುಟ್ಟ ಬೂದಿಯನ್ನೇ ಫಾದರ್ ಎಲ್ಲರ ಹಣೆಗೆ ಇಡುತ್ತಾರೆ, ಅಲ್ಲಿಂದ ನಲವತ್ತು ದಿನದ ತಪಸ್ಸುಕಾಲ ಶುರುವಾಗುತ್ತದೆ.

ನರಸೀಪುರದ ಆ ಚಿಕ್ಕ ಚರ್ಚಿನಲ್ಲಿ ಗರಿ ಮಡಚುವ ಕೆಲಸ ಇನ್ನಾಸಪ್ಪನದಾಗಿತ್ತು. ಸಂಗಮಕ್ಕೆ ಹೋಗುವ ದಾರಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಎಳನೀರು ಮಾರುತ್ತಿದ್ದವನಿಗೆ ಎಳೆಗರಿ ಹುಡುಕಿಕೊಂಡು ಹೋಗುವ ಕಷ್ಟವಿರಲಿಲ್ಲ. ಗರಿ ಹಬ್ಬದ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ಕೂರುವರು. ಮದಲೇನಮ್ಮ ಗರಿಯಿಂದ ಎಲೆ ಸೀಳಿ, ನಡುವಿನ ಕಡ್ಡಿ ತೆಗೆದು ಒಂದೊಂದಾಗಿ ಕೊಡುವಳು. ಅವನು ಮಡಚುವನು. ಕೊನೆಯ ಮಡಿಕೆಗೆ ಬಂದಾಗ ಎಲೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವನು. ಮದಲೇನಮ್ಮನಿಗೆ ಮೈಯೆಲ್ಲಾ ಉರಿಯುವುದು.

"ದೇವ್ರ ವಸ್ತು ಎಂಜ್ಲು ಮಾಡ್ತೀರಲ್ಲ, ನಾಚ್ಕೆ ಆಗಲ್ವ?"

"ಎರಡೇ ಕೈ ಕೊಟ್ಟವ್ನು ದೇವ್ರೇ ಅಲ್ವ? ಅವ್ನಿಗೆ ಗೊತ್ತು ಬುಡು," ಎನ್ನುವನು.

ಆದರೂ ಹೆಂಡತಿಯ ಬೈಗುಳಕ್ಕೆ ಅಂಜಿ, ಕೊನೆಯ ಮಡಿಕೆ ಬಂದಾಗಲೆಲ್ಲ ಅವಳ ಕಡೆಗೆ ಬೆನ್ನು ತಿರುಗಿಸಿ ಮುಗಿಸಿಬಿಡುವನು. ಹೀಗಾಗಿ ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ಆ ಒಂದು ಮಡಿಕೆ ಹೇಗೆಂದು ಮದಲೇನಮ್ಮ ನೋಡಲೇ ಇಲ್ಲ. ಬೈದವಳು ಅವಳೇ, ನಷ್ಟವೂ ಅವಳದೇ.

ಕೊರೊನಾದ ಎರಡನೇ ಅಲೆಯ ವರ್ಷವೂ ಅವನು ಶಿಲುಬೆ ಮಡಚಿದ. ಮೂಗಿಗೆ ಕಟ್ಟಿದ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ತುದಿ ಕಚ್ಚಿದ. ಮೇ ತಿಂಗಳಲ್ಲಿ ಇಬ್ಬರಿಗೂ ಜ್ವರ ಬಂತು. ಅವಳನ್ನು ಒಂದು ಕಡೆ, ಅವನನ್ನು ಇನ್ನೊಂದು ಕಡೆ ಕರೆದುಕೊಂಡು ಹೋದರು. ಅವಳು ಗುಣವಾಗಿ ಬಂದಳು. ಅವನು ಬರಲಿಲ್ಲ. ಬಿಳಿ ಪ್ಲಾಸ್ಟಿಕ್ ಬಟ್ಟೆ ತೊಟ್ಟ ಯಾರೋ ನಾಲ್ವರು ಚರ್ಚಿನ ಸಮಾಧಿ ಜಾಗದ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿ ಹೋಗಿದ್ದರು. ಫಾದರ್ ಇಲ್ಲ, ಹಾಡಿಲ್ಲ, ಒಂದು ಮೇಣದ ಬತ್ತಿಯಿಲ್ಲ. ಅವಳು ಹೋಗಿ ನೋಡಿದಾಗ ಒಂದು ಗುಡ್ಡೆ ಕೆಂಪು ಮಣ್ಣು ಮಾತ್ರ ಇತ್ತು. ಮನೆಮನೆಗೂ ಶಿಲುಬೆ ಮಡಚಿಕೊಟ್ಟವನ ತಲೆಯ ಹತ್ತಿರ ಒಂದು ಶಿಲುಬೆ ಇಡುವವರು ಇರಲಿಲ್ಲ.

ಆಗಿನ ಕಾನೂನೇ ಹಾಗಿತ್ತು, ದಾರಿಗೆಲ್ಲಾ ಬೊಂಬು ಕಟ್ಟಿದ್ದರು, ಯಾರು ಬರಲು ಸಾಧ್ಯವಿತ್ತು ಎಂದು ನೀವು ಕೇಳಬಹುದು. ಮದಲೇನಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಯ ಸಂಕಟ ನಿಲ್ಲುತ್ತದೆಯೇ? ಒಬ್ಬರೂ ಬರಲಿಲ್ಲ ಎನ್ನುವ ಮಾತೊಂದನ್ನೇ ಹಿಡಿದುಕೊಂಡಳು. ಚರ್ಚಿನ ಕಡೆ ತಲೆ ಹಾಕುವುದನ್ನು ಬಿಟ್ಟಳು. ಎದುರು ಸಿಕ್ಕವರು ಮಾತಾಡಿಸಿದರೆ ಹೂಂ ಎಂದು ಮುಂದೆ ಹೋದಳು. ಮಕ್ಕಳಿಲ್ಲದ ಮನೆ, ಹಿಡಿದು ನಿಲ್ಲಿಸುವವರೂ ಇರಲಿಲ್ಲ. ವರ್ಷ ತುಂಬುವ ಮೊದಲೇ ಮನೆ ಖಾಲಿ ಮಾಡಿ ನಂಜನಗೂಡಿಗೆ ಬಂದು, ತಾಂಡ್ಯದ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿಕೊಂಡಳು. ಬರುವಾಗ ಯೇಸುವಿನ ತಿರುಹೃದಯದ, ಎಂದರೆ ಪವಿತ್ರ ಹೃದಯದ, ಪಟವನ್ನೂ, ಅದರ ಹಿಂದಿನ ಒಣ ಶಿಲುಬೆಯನ್ನೂ ಸೀರೆಯಲ್ಲಿ ಸುತ್ತಿ ತಂದಳು. ಆ ಫೆಬ್ರವರಿಯಲ್ಲಿ ಅದನ್ನು ಚರ್ಚಿಗೆ ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ. ಅದರ ಮುಂದಿನ ವರ್ಷವೂ ಒಪ್ಪಿಸಲಿಲ್ಲ. ಅವನ ಕೈಯ ಕೆಲಸವೆಂದು ಅವಳ ಹತ್ತಿರ ಉಳಿದಿದ್ದು ಅದೊಂದೇ. ಅವರಿಗೆ ಅವನು ಬೇಡವಾಗಿದ್ದ, ಅವರ ಬೂದಿಗೆ ಮಾತ್ರ ಅವನ ಗರಿ ಬೇಕೇ?

ನಂಜನಗೂಡಿನಲ್ಲಿ ಹರಿಯುವ ಕಪಿಲೆ ನರಸೀಪುರಕ್ಕೇ ಹೋಗಿ ಸೇರುತ್ತದೆ. ಮದಲೇನಮ್ಮ ಮಾತ್ರ ಹೋಗಲಿಲ್ಲ.

ಒಂದು ರೂಮು, ಒಂದು ಗ್ಯಾಸ್ ಒಲೆ, ಒಂದು ತಟ್ಟೆ. ಕ್ಯಾಂಟೀನಿನಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿ ಬಂದವಳಿಗೆ ತನಗಾಗಿ ಒಂದು ಈರುಳ್ಳಿ ಹೆಚ್ಚಲು ಮನಸ್ಸಾಗುತ್ತಿರಲಿಲ್ಲ. ಸಂಜೆ ಅಭ್ಯಾಸಬಲದಿಂದ ಜಪಸರ ಕೈಗೆ ತೆಗೆದುಕೊಳ್ಳುವಳು. ಜಪಸರ ಒಬ್ಬರು ಹೇಳಿ ಮುಗಿಸುವ ಪ್ರಾರ್ಥನೆಯಲ್ಲ. ಒಬ್ಬರು 'ನಮೋ ಮರಿಯಾ' ಎಂದು ಅರ್ಧ ಹೇಳಬೇಕು, ಉಳಿದವರು 'ಸಂತ ಮರಿಯಾ' ಎಂದು ಇನ್ನರ್ಧ ಹೇಳಿ ಮುಗಿಸಬೇಕು. ಮನೆಯಲ್ಲಿ ಮೊದಲ ಅರ್ಧ ಯಾವಾಗಲೂ ಇನ್ನಾಸಪ್ಪನದು. ಈಗ ಅವಳು ಮಣಿಯನ್ನು ಬೆರಳಲ್ಲಿ ಹಿಡಿದು, ಅವನು ಹೇಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ತನ್ನ ಅರ್ಧವನ್ನು ಹೇಳುವಳು. ಎರಡನ್ನೂ ತಾನೇ ಹೇಳಿಬಿಟ್ಟರೆ ಅವನು ಇಲ್ಲವೆಂದು ಒಪ್ಪಿದ ಹಾಗಾಗುತ್ತದೆ ಎಂದು ಅವಳ ಭಯ.

ಆ ರೂಮು ಸಾಕಮ್ಮನದು. ಮೂಗೂರಿನಲ್ಲಿ ಹುಟ್ಟಿ ನಂಜನಗೂಡಿಗೆ ಸೊಸೆಯಾಗಿ ಬಂದವಳು, ಈಗ ಮೊಮ್ಮಕ್ಕಳ ಅಜ್ಜಿ. ಬೆಳಿಗ್ಗೆ ಎದ್ದು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡಳೆಂದರೆ ಇಡೀ ವಠಾರದ ಯೋಗಕ್ಷೇಮ ಅವಳದೇ. 'ಮದಲೇನಮ್ಮ' ಎನ್ನಲು ನಾಲಿಗೆ ಹೊರಳದೆ 'ಮಾದಮ್ಮ' ಮಾಡಿಕೊಂಡಿದ್ದಳು. ಯಾವ ಊರು, ಯಾರಿದ್ದಾರೆ, ಯಾಕೆ ಒಬ್ಬಳೇ ಎಂದು ಬಂದ ಹೊಸದರಲ್ಲಿ ಹತ್ತಾರು ಸಲ ಕೇಳಿದಳು. ಉತ್ತರ ಬರಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟು, ಹಬ್ಬ ಹರಿದಿನಕ್ಕೆ ಒಂದು ಬಟ್ಟಲು ಪಾಯಸವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು.

ಈ ವರ್ಷ ಶಿವರಾತ್ರಿ ಭಾನುವಾರ ಬಿತ್ತು, ಅದೇ ವಾರ ವಿಭೂತಿ ಬುಧವಾರ. ಶನಿವಾರ ಸಾಕಮ್ಮ ಇಡೀ ಮನೆಯ ಧೂಳು ಹೊಡೆಸಿದಳು. ಹಿತ್ತಲ ಕಡೆ ಬಂದಾಗ, ಪಾಪ ಈ ಮಾದಮ್ಮ ಎರಡೆರಡು ಶಿಫ್ಟು ದುಡಿಯುತ್ತಾಳೆ, ಇವಳಿಗೆ ಗುಡಿಸಿ ಕೊಡುವವರು ಯಾರು ಎಂದು ಮರುಕವಾಯಿತು. ನೀರು ಬಂದಾಗ ಬಿಂದಿಗೆ ತುಂಬಿಡಲೆಂದು ರೂಮಿನ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ತೆಗೆದು ಜೇಡರ ಬಲೆ ಹೊಡೆದಳು, ನೆಲ ಸಾರಿಸಿದಳು. ಪಟವನ್ನು ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ನಮ್ಮ ದೇವರಲ್ಲದಿದ್ದರೇನು, ದೇವರೇ ತಾನೆ ಎಂದು ತನ್ನ ಪೂಜೆಗೆ ತಂದ ಸೇವಂತಿಗೆಯಲ್ಲಿ ಒಂದನ್ನು ಮೇಲಕ್ಕೆ ಸಿಕ್ಕಿಸಿದಳು.

ಸಂಜೆ ಬಂದ ಮದಲೇನಮ್ಮ ಮೊದಲು ಕಂಡದ್ದು ಆ ಹೂವನ್ನು. ಒಂದು ಗಳಿಗೆ ಅವಳ ಮನಸ್ಸು ಹಗುರಾಯಿತು. ತನ್ನ ಮನೆಯ ಗೋಡೆಗೆ ಯಾರೋ ಹೂವಿಟ್ಟು ಎಷ್ಟು ಕಾಲವಾಗಿತ್ತು! ಆಮೇಲೆ ಪಟದ ಹಿಂದೆ ಕೈ ಹಾಕಿದಳು. ಗೋಡೆ ತಣ್ಣಗೆ ಕೈಗೆ ಹತ್ತಿತು.

ಹಿತ್ತಲ ಬಚ್ಚಲಲ್ಲಿ ಸಾಕಮ್ಮ ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹಂಡೆಯ ನೀರು ಕುದಿಯುತ್ತಿತ್ತು.

"ಅಮ್ಮೋರೆ, ಪಟದ ಹಿಂದೆ ಒಂದು ಗರಿ ಇತ್ತು."

"ಯಾವ್ದವ್ವ, ಆ ಒಣಗಿದ್ದಾ? ಅದ್ರೊಳಗೆ ಜೇಡ ಗೂಡು ಕಟ್ಬುಟ್ಟಿತ್ತು ಕಣವ್ವ. ಒಲೆ ಅತ್ಸಕ್ಕೆ ಆಕ್ದೆ. ಒಂದೇ ಕಡ್ಡಿಗೆ ಅತ್ಕತು."

ಮದಲೇನಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. ಒಲೆಯನ್ನೇ ನೋಡುತ್ತಾ, "ನನ್ನ ಗಂಡನ್ನ ಸುಟ್ಬುಟ್ರಲ್ಲ ಅಮ್ಮೋರೆ" ಎಂದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಕಮ್ಮ ಬಾಗಿಲು ತಟ್ಟಿ ತಟ್ಟಿ ಸೋತಳು.

ಒಳಗೆ ಮದಲೇನಮ್ಮ ನೆಲದ ಮೇಲೆ ಬಿದ್ದುಕೊಂಡಿದ್ದಳು. ಅವತ್ತು ಜಪಸರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅವನು ಸತ್ತಾಗಲೂ ಇಷ್ಟು ಒಂಟಿಯೆನಿಸಿರಲಿಲ್ಲ. ಆಗ ಸಿಟ್ಟಾದರೂ ಜೊತೆಗಿತ್ತು. ಈಗ ಯಾರ ಮೇಲೆ ಸಿಟ್ಟು ಮಾಡುವುದು? ಪಟಕ್ಕೆ ಹೂವಿಟ್ಟವಳ ಮೇಲೆಯೇ?

ಬೆಳಿಗ್ಗೆ ಬಾಗಿಲು ತೆಗೆದಾಗ ಸಾಕಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ತೋರಿಸಿದಳು. ತುಂಬಾ ಬೂದಿ.

"ನಿನ್ನೆ ನೀನು ಅಂಗಂದ್ಮೇಲೆ ಒಲೆ ಆರ್ಸ್ಬುಟ್ಟೆ. ಆಮೇಲೆ ಯಾರ್ಗೂ ಅತ್ಸಕ್ಕೆ ಬುಡ್ನಿಲ್ಲ. ಇವತ್ತು ಅಬ್ಬ, ಮಕ್ಕಳು ಮರಿ ಎಲ್ಲಾ ತಣ್ಣೀರ್ನಾಗೇ ಮಿಂದ್ರು. ಒಲೆ ಒಳಗಿದ್ದಿದ್ದನ್ನೆಲ್ಲಾ ಬಾಚಿವ್ನಿ." ಬೂದಿಯಲ್ಲಿ ಒಂದು ಬೆರಳಾಡಿಸಿದಳು. "ಅದ್ರಲ್ಲಿ ನಿಮ್ಮ ಯಜಮಾನ್ರು ಯಾವ್ದು, ತೆಂಗಿನ ಮಟ್ಟೆ ಯಾವ್ದು ಅಂತ ನಂಗೆ ತಿಳೀನಿಲ್ಲ ಕಣವ್ವ."

ಮದಲೇನಮ್ಮನಿಗೆ ಅದೇನಾಯಿತೋ, ಸಾಕಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾಲ್ಕು ವರ್ಷ ಒಂದೇ ವಠಾರದಲ್ಲಿದ್ದು ಹೇಳದ್ದನ್ನೆಲ್ಲ ಹೇಳಿದಳು. ಎಳನೀರಿನ ಗಾಡಿ, ಗರಿ ಹಬ್ಬ, ಹಲ್ಲಲ್ಲಿ ಕಚ್ಚುವುದು, ಜ್ವರ, ಮಣ್ಣಿನ ಗುಡ್ಡೆ, ಎಲ್ಲ. ಹೇಳುತ್ತಾ ಹೇಳುತ್ತಾ ಆ ಗರಿಯನ್ನು ಚರ್ಚಿಗೆ ಕೊಟ್ಟು ಸುಡಬೇಕಾದ ಪದ್ಧತಿಯೂ ಬಾಯಿಂದ ಜಾರಿತು.

ಸಾಕಮ್ಮ ಥಟ್ಟನೆ ತಲೆಯೆತ್ತಿದಳು. "ಅಂದ್ರೆ ಸುಡಬೇಕಾದ್ದನ್ನೇ ನಾನು ಸುಟ್ಟಿವ್ನಿ! ಇನ್ನೇನವ್ವ? ತಗೊಂಡೋಗಿ ಕೊಡು."

"ನಾನು ಅಲ್ಲಿಗೆ ಹೋಗಲ್ಲ."

"ಯಾಕೆ?"

"ಅವ್ರು ಬರಲಿಲ್ಲ."

"ಅವ್ರು ಬರ್ನಿಲ್ಲ ಅಂತ ನೀನು ಓಗಲ್ಲ. ಸರಿ, ಅದು ನಿನ್ನಿಷ್ಟ." ಸಾಕಮ್ಮ ಡಬ್ಬಿಯನ್ನು ಅವಳ ಮಡಿಲಿಗೆ ಇಟ್ಟಳು. "ನಿಮ್ಮ ಯಜಮಾನ್ರು? ಅವ್ರೂ ಓಗ್ಬಾರ್ದಾ? ನನ್ನ ಡಬ್ಬೀಲೇ ಇರ್ಬೇಕಾ?"

ಮದಲೇನಮ್ಮ ಡಬ್ಬಿಯನ್ನು ಒಳಗೆ ಒಯ್ದು ಪಟದ ಕೆಳಗೆ ಇಟ್ಟಳು. ಸೋಮವಾರ ಕೆಲಸಕ್ಕೆ ಹೋದಳು, ಮಂಗಳವಾರವೂ ಹೋದಳು. ಡಬ್ಬಿ ಅಲ್ಲೇ ಕೂತಿತ್ತು. ಮಂಗಳವಾರ ಸಂಜೆ ಅನ್ನಕ್ಕೆ ನೀರಿಟ್ಟು, ಒಲೆ ಹಚ್ಚದೆ, ಪಟದ ಮುಂದೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಪ್ರಾರ್ಥನೆ ಮಾಡುವವರು ನಿಲ್ಲುವ ರೀತಿಯಲ್ಲ ಅದು. ನಲ್ಲಿಯ ಹತ್ತಿರ ಜಗಳಕ್ಕೆ ನಿಲ್ಲುವ ರೀತಿ.

"ನೀನು ಎಲ್ಲಿದ್ದೆ ಅವತ್ತು?" ಎಂದು ಕೇಳಿದಳು. "ಆ ಬಿಳಿ ಬಟ್ಟೆಯವ್ರು ಅವ್ರನ್ನ ಇಳಿಸ್ತಿದ್ದಾಗ ಎಲ್ಲಿದ್ದೆ? ಒಬ್ರೂ ಇರಲಿಲ್ಲವಲ್ಲ, ನೀನಾದ್ರೂ ಇದ್ಯಾ?"

ಪಟದಲ್ಲಿನ ಯೇಸು ಎಂದಿನಂತೆ ತನ್ನ ಎದೆಯನ್ನು ತೋರಿಸುತ್ತಾ ಸುಮ್ಮನೆ ನೋಡುತ್ತಿದ್ದ. ಕೈಯಲ್ಲಿ ಮೊಳೆಯ ಗಾಯ. ಹುಟ್ಟಿದಾಗಿನಿಂದ ನೋಡಿದ ಪಟ, ನೋಡಿ ನೋಡಿ ಕಣ್ಣಿಗೆ ಕಾಣದೇ ಹೋಗಿದ್ದ ಗಾಯ. ಅವಳ ಬೈಗುಳ ಅಲ್ಲಿಗೆ ತಡೆಯಿತು. ಪ್ರತಿ ವರ್ಷ ಶುಭ ಶುಕ್ರವಾರ ಕೇಳುತ್ತಿದ್ದ ಕಥೆ ನೆನಪಾಯಿತು. ಇವನು ಸಾಯುವಾಗಲೂ ಅಷ್ಟೇ ಅಲ್ಲವೇ? ಜೊತೆಗೆ ಉಂಡವರು, ತಿರುಗಾಡಿದವರು ಎಲ್ಲರೂ ಹೆದರಿ ಓಡಿಹೋಗಿದ್ದರು. ಗಂಡಸರಲ್ಲಿ ಒಬ್ಬನೋ ಇಬ್ಬರೋ ಉಳಿದದ್ದು. ಮೂರನೇ ದಿನ ಸಾವಿನಿಂದ ಎದ್ದು ಬಂದವನು ಮಾಡಿದ್ದೇನು? ಓಡಿಹೋದವರು ಬಾಗಿಲು ಹಾಕಿಕೊಂಡು ಕೂತಿದ್ದ ಮನೆಗೇ ಹೋದ. ಯಾಕೆ ಬರಲಿಲ್ಲ ಎಂದು ಒಂದು ಮಾತು ಕೇಳಲಿಲ್ಲ.

"ನಿಂಗೆ ಸ್ವಲ್ಪಾನೂ ಮಾನ ಇಲ್ಲ," ಎಂದಳು ಮದಲೇನಮ್ಮ, ಸೋತವಳ ಸಿಟ್ಟಿನಲ್ಲಿ. ಆಮೇಲೆ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಐದು ವರ್ಷದ ಅಳು, ಬೇಗ ಮುಗಿಯಲಿಲ್ಲ. ಅತ್ತು ಮುಗಿದ ಮೇಲೆ ಗೊತ್ತಾಯಿತು, ಐದು ವರ್ಷದಲ್ಲಿ ಅವಳು ದೇವರೊಂದಿಗೆ ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು.

ಬುಧವಾರ ರಜೆ ಹಾಕಿ ಮಧ್ಯಾಹ್ನ ನರಸೀಪುರದ ಬಸ್ ಹತ್ತಿದಳು. ಡಬ್ಬಿ ಮಡಿಲಲ್ಲಿತ್ತು. ಕಂಡಕ್ಟರ್ "ಏನಮ್ಮ ತುಪ್ಪಾನಾ, ಭದ್ರ" ಎಂದ. ಹೌದೆಂದು ತಲೆಯಾಡಿಸಿದಳು. ಗದ್ದೆಗಳು, ಕಬ್ಬಿನ ಗಾಡಿಗಳು, ಮತ್ತೆ ಗದ್ದೆಗಳು. ಊರು ಹತ್ತಿರವಾದಂತೆ ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು. ಬಸ್ಸಿನಿಂದ ಇಳಿದವಳು ಸಂಗಮದ ದಾರಿಯಲ್ಲಿ ಅವನ ಗಾಡಿ ನಿಲ್ಲುತ್ತಿದ್ದ ಜಾಗಕ್ಕೆ ಕಣ್ಣು ಹಾಕಲಿಲ್ಲ. ನೆಟ್ಟಗೆ ಚರ್ಚಿಗೆ ನಡೆದಳು.

ಪೂಜೆಗೆ ಇನ್ನೂ ಹೊತ್ತಿತ್ತು. ಹೊಸ ಫಾದರ್, ಕನ್ನಡಕದ ಯುವಕ, ಒಂದು ಬಟ್ಟಲಲ್ಲಿ ಬೂದಿ ಅಳ್ಳಾಡಿಸುತ್ತಾ ನಿಂತಿದ್ದರು.

"ಸ್ತೋತ್ರ ಸ್ವಾಮಿ. ಇದನ್ನೂ ಸೇರಿಸ್ಕೊಳ್ಬೇಕು."

"ಗರಿದೇನಾ?"

ಸುಳ್ಳು ಹೇಳುವುದು ಹೇಗೆ? "ಗರೀದೇ ಸ್ವಾಮಿ. ಆದ್ರೆ ನೀರೊಲೇಲಿ ಸುಟ್ಟೋಗಿದೆ. ನಮ್ಮ ಓನರಮ್ಮ ಗೊತ್ತಿಲ್ದೆ ಹಾಕ್ಬುಟ್ರು. ತೆಂಗಿನ ಮಟ್ಟೆ ಬೂದಿ ಸೇರ್ಕೊಂಡಿದೆ."

ಫಾದರ್ ಡಬ್ಬಿಯೊಳಗೆ ಇಣುಕಿ ನೋಡಿದರು. "ಎರಡೂ ತೆಂಗಿನ ಮರದ್ದೇ ತಾನೆ," ಎಂದು ಒಂದು ಬಟ್ಟೆ ತಂದು ಜರಡಿ ಹಿಡಿಯಲು ಶುರುಮಾಡಿದರು. "ಯಾರಮ್ಮ ತಾವು? ಈ ಊರಲ್ಲಿ ನೋಡಿಲ್ವಲ್ಲ."

"ಇನ್ನಾಸಪ್ಪ ಅಂತ ಇದ್ರು. ಅವ್ರ ಹೆಂಡ್ತಿ."

ಫಾದರ್ ಕೈ ನಿಂತಿತು. "ಇನ್ನಾಸಪ್ಪನವ್ರಾ? ನಾನು ಮನೆ ಮಂತ್ರಿಸೋಕೆ ಹೋದ ಕಡೆಯೆಲ್ಲಾ ಅವ್ರನ್ನೇ ನೋಡ್ತಾ ಇದೀನಲ್ಲಮ್ಮ!"

ಅವಳಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ಜನ ಬರಲು ಶುರುವಾಗಿತ್ತು. ಹಿಂದಿನ ಸಾಲಿನ ಮೂಲೆಗೆ ಹೋಗಿ ಸೆರಗು ಹೊದ್ದು ಕೂತಳು. ಯಾರೋ ಜಪಸರ ಆರಂಭಿಸಿದರು. 'ನಮೋ ಮರಿಯಾ' ಎಂದು ಒಂದು ಗಂಡು ದನಿ ಮೊದಲ ಅರ್ಧವನ್ನು ಹೇಳಿತು. ಕಾಯುವ ಕೆಲಸವೇ ಇರಲಿಲ್ಲ. ಅವಳ ಅರ್ಧ ತಾನಾಗಿ ಬಾಯಿಂದ ಹೊರಟು ಬೇರೆಯವರ ದನಿಯ ಜೊತೆ ಸೇರಿಕೊಂಡಿತು.

ಬೂದಿ ಇಡುವ ಹೊತ್ತಿಗೆ ಎಲ್ಲರೂ ಸಾಲು ನಿಂತರು. ಮುದುಕರು, ಮಡಿಲ ಕೂಸುಗಳು, ಒಂದು ಕಾಲದಲ್ಲಿ ಅವಳು ಮುಖ ತಿರುಗಿಸಿದ್ದವರು. ಫಾದರ್ ಒಬ್ಬೊಬ್ಬರ ಹಣೆಗೂ ಶಿಲುಬೆ ಗುರುತು ಬರೆದರು. ಅವಳ ಸರದಿ ಬಂತು. ಮಣ್ಣಿನಿಂದ ಬಂದವಳು ನೀನು, ಮಣ್ಣಿಗೇ ಹೋಗುವೆ, ನೆನಪಿರಲಿ ಎನ್ನುವ ಮಾತು ಪ್ರತಿ ವರ್ಷ ಅವಳಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಈ ಸಲ ಹೆದರಿಕೆಯಾಗಲಿಲ್ಲ. ತಿರುಗಿ ಬರುವಾಗ ಸಾಲಿನಲ್ಲಿದ್ದವರ ಹಣೆಗಳನ್ನೆಲ್ಲ ನೋಡುತ್ತಾ ಬಂದಳು. ಎಲ್ಲರ ಮೇಲೂ ಇನ್ನಾಸಪ್ಪ ಇದ್ದ. ನೀರೊಲೆಯ ತೆಂಗಿನ ಮಟ್ಟೆಯೂ ಇತ್ತು, ಇರಲಿ.

ಪೂಜೆ ಮುಗಿದು ಹೊರಗೆ ಬಂದಾಗ ಯಾರೋ ಕೈ ಹಿಡಿದು ಎಳೆದರು. ಹಳೇ ಮನೆಯ ಹಿಂದಿನ ಬೀದಿಯ ಜ್ಞಾನಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬಾ ಮನೆಗೆ," ಎಂದಳು. ಮನೆ ಮುಟ್ಟುವವರೆಗೂ ಕೈಯನ್ನು ಬಿಡಲಿಲ್ಲ.

ಜ್ಞಾನಮ್ಮನ ನಡುಮನೆಯಲ್ಲಿ ಸಂತ ಅಂತೋಣಿಯ ಪಟವಿತ್ತು. ಅದರ ಹಿಂದಿನಿಂದ ಕಂದು ಬಣ್ಣಕ್ಕೆ ತಿರುಗಿದ ಒಂದು ಗರಿಯ ಶಿಲುಬೆ ಇಣುಕುತ್ತಿತ್ತು. ಮದಲೇನಮ್ಮನಿಗೆ ಕೈ ಯಾರದೆಂದು ಹೇಳಬೇಕಾಗಿರಲಿಲ್ಲ.

"ಆ ವರ್ಷದ್ದೇ," ಎಂದಳು ಜ್ಞಾನಮ್ಮ. "ವಾಪಸ್ ಕೊಡಿ ಅಂತ ಆಗಿನ ಫಾದರೂ ಕೇಳಿದ್ರು, ಇವ್ರೂ ಕೇಳಿದ್ರು. ಬರೀ ಎಲೆ ತಗೊಂಡೋಗಿ ಕೊಟ್ವಿ. ಇದನ್ನ ಕೊಡೋಕೆ ಯಾರ್ಗೂ ಮನಸ್ಸು ಬರಲಿಲ್ಲ. ಪಕ್ಕದ್ಮನೇಲೂ ಐತೆ, ಎದುರು ಮನೇಲೂ ಐತೆ. ಆಚೆ ಬೀದೀಲಿ ಹುಡುಗ್ರು ಪಟಕ್ಕೆ ಗಾಜು ಹಾಕ್ಸೋವಾಗ ಅದನ್ನೂ ಒಳಗೇ ಇಟ್ಟು ಹಾಕ್ಸವ್ರೆ." ಪಟದ ಕಡೆ ನೋಡುತ್ತಲೇ ಮುಂದುವರಿಸಿದಳು. "ನಾವು ಅವತ್ತು ಬರಲಿಲ್ಲ ಮದಲೇನ. ಬಿಡಲಿಲ್ಲ ಅನ್ನೋದು ಒಂದು. ಹೆದ್ರಿಕೇನೂ ಇತ್ತು. ಅದನ್ನ ಯಾವ ಬಾಯಲ್ಲಿ ಬಂದು ಹೇಳೋದು ಅಂತ ನಿನ್ನ ಹುಡುಕ್ಕೊಂಡು ಬರಲಿಲ್ಲ."

ಮದಲೇನಮ್ಮ ಗೋಡೆಗೆ ಒರಗಿ ಕೂತಳು. ತಾನೊಬ್ಬಳೇ ಹಠ ಹಿಡಿದು ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದಳು. ಇಷ್ಟು ವರ್ಷ ಇಡೀ ಕೇರಿಯೇ ಅದೇ ಹಠ ಹಿಡಿದಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಆಗಿಹೋಗುತ್ತಿತ್ತು. ಆ ಒಂದು ಮಾತಿಗೆ ಐದು ವರ್ಷ ಬೇಕಾಯಿತು.

"ಈಗ ಗರಿ ಹಬ್ಬಕ್ಕೆ ಏನ್ಮಾಡ್ತೀರಿ?"

"ಏನ್ಮಾಡೋದು, ಬರೀ ಎಲೆ ಹಿಡ್ಕೊಂಡು ಸುತ್ತು ಹಾಕ್ತೀವಿ. ಮಡಚೋಕೆ ಯಾರ್ಗೆ ಬತ್ತದೆ? ಫೋನ್ ನೋಡ್ಕೊಂಡು ಹುಡುಗ್ರು ಏನೋ ಮಾಡಿದ್ರು. ಬಾಗ್ಲು ದಾಟೋದ್ರೊಳಗೆ ಬಿಚ್ಕೊಂತು."

ಮದಲೇನಮ್ಮ ಬಹಳ ಹೊತ್ತು ಪಟವನ್ನೇ ನೋಡಿದಳು. ಆಮೇಲೆ, "ಅಕ್ಕ, ಅದನ್ನ ಕೊಡ್ತೀಯಾ?" ಎಂದಳು. "ಬಿಚ್ಚಿ ನೋಡ್ಬೇಕು. ಕೊನೇ ಮಡಿಕೆ ನಂಗೆ ಗೊತ್ತಿಲ್ಲ."

ಜ್ಞಾನಮ್ಮನ ಮುಖ ಸಣ್ಣದಾಯಿತು. ಎದ್ದು ಪಟದ ಹತ್ತಿರ ಹೋದಳು, ತೆಗೆದಳು, ಕೈಯಲ್ಲಿಟ್ಟುಕೊಂಡೇ ನಿಂತಳು. "ಬಿಚ್ಚಿದ್ರೆ ಮತ್ತೆ ಕಟ್ಕೊಡ್ಬೇಕು."

"ಕಟ್ಕೊಡ್ತೀನಿ."

"ಇದೊಂದೇ ಅಲ್ಲ. ಎಲ್ರಿಗೂ."

"ಹೂಂ," ಎಂದಳು ಮದಲೇನಮ್ಮ. ಎಷ್ಟೋ ವರ್ಷಗಳ ಮೇಲೆ ಅವಳು ಇನ್ನೊಬ್ಬರಿಗೆ ಮಾತು ಕೊಟ್ಟಳು.

ಹೊರಡುವ ಮುಂಚೆ ಸಮಾಧಿ ಜಾಗಕ್ಕೆ ಹೋದಳು. ಮೂಲೆಯ ಗುಡ್ಡೆ ಕುಸಿದು ನೆಲದ ಮಟ್ಟಕ್ಕೆ ಬಂದಿತ್ತು, ಗರಿಕೆ ಬೆಳೆದಿತ್ತು. ಯಾರೋ ಹಚ್ಚಿ ಹೋದ ಹಳೆಯ ಮೇಣ ಕಲ್ಲಿನ ಮೇಲೆ ಕರಗಿ ಅಂಟಿಕೊಂಡಿತ್ತು. ಯಾರೆಂದು ಅವಳು ವಿಚಾರಿಸಲಿಲ್ಲ. "ತಡೀರಿ ಸ್ವಲ್ಪ, ಬತ್ತೀನಿ," ಎಂದು ಅವನಿಗೆ ಹೇಳಿ ಬಸ್ ಹಿಡಿದಳು.

ಭಾನುವಾರ ಕೆಲಸಕ್ಕೆ ರಜ. ಸಾಕಮ್ಮನ ಹಿತ್ತಲ ತೆಂಗಿನ ಮರದಿಂದ ಒಂದು ಎಳೆಗರಿ ಇಳಿಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಜ್ಞಾನಮ್ಮ ಕೊಟ್ಟ ಶಿಲುಬೆಯನ್ನು ಮೊದಲು ನೀರಿನಲ್ಲಿ ನೆನೆಹಾಕಿದಳು. ಮೆತ್ತಗಾದ ಮೇಲೆ ಉಗುರಿನಲ್ಲಿ ಮೆಲ್ಲಗೆ ಬಿಡಿಸತೊಡಗಿದಳು. ಮೊದಲು ಬಿಚ್ಚಿಕೊಂಡದ್ದು ಅವನು ಕೊನೆಗೆ ಹಾಕಿದ ಮಡಿಕೆ. ಅವನು ಬೆನ್ನು ತಿರುಗಿಸಿ ಬಚ್ಚಿಟ್ಟಿದ್ದು. ಎರಡು ಮಡಿಕೆಗಳನ್ನು ಒಟ್ಟಿಗೆ ಒತ್ತಿ ಹಿಡಿದು, ತುದಿಯನ್ನು ಅವುಗಳ ನಡುವೆ ಅಡ್ಡಲಾಗಿ ತೂರಿಸಿ, ಹಿಂದಿನಿಂದ ಬಿಗಿಯಾಗಿ ಎಳೆಯಬೇಕು. ಅಷ್ಟೇ. ಮಡಿಕೆಯೊಳಗೆ ಬಿಸಿಲು ಕಾಣದ ಕಡೆ ಎಲೆ ಇನ್ನೂ ಹಳದಿಯಾಗಿತ್ತು. ತುದಿಯಲ್ಲಿ ಎರಡು ಹಲ್ಲಿನ ಗುರುತು.

ಅವಳು ಅದನ್ನು ಹೆಬ್ಬೆರಳಿನಿಂದ ಸವರಿದಳು. ಎಂಜಲು ಎಂದು ಬೈದ ಬಾಯಿಗೇ ಅದನ್ನು ಒತ್ತಿಕೊಂಡಳು.

ಆಮೇಲೆ ಹಸಿ ಎಲೆ ತೆಗೆದುಕೊಂಡಳು. ಮೊದಲ ಮಡಿಕೆಗಳು ಕೈಗೆ ಬಂದವು. ಕೊನೆಯದಕ್ಕೆ ಬಂದಾಗ ಒಂದು ಕೈ ಮಡಿಕೆಗಳನ್ನು ಒತ್ತಿ ಹಿಡಿದಿತ್ತು, ಇನ್ನೊಂದು ಕೈ ನಡುವಿನ ಸಂದನ್ನು ಬಿಡಿಸಿ ಹಿಡಿದಿತ್ತು, ತುದಿ ಎಳೆಯಲು ಕೈ ಉಳಿಯಲಿಲ್ಲ. ಜಾರಿತು. ಮತ್ತೆ ಮಾಡಿದಳು. ಮತ್ತೆ ಜಾರಿತು. ಹಲ್ಲಲ್ಲಿ ಕಚ್ಚಬಹುದಿತ್ತು. ಆದರೆ ಹಠ ಎಲ್ಲಿಗೆ ಹೋಗುತ್ತದೆ?

"ಅಕ್ಕ," ಎಂದು ಕೂಗಿದಳು. ಸಾಕಮ್ಮನನ್ನು ಅವಳು ಹಾಗೆ ಕರೆದದ್ದು ಮೊದಲ ಸಲ. "ಅಕ್ಕ, ಒಂದ್ನಿಮ್ಷ ಬನ್ನಿ. ಇದ್ರ ತುದಿ ಹಿಡ್ಕೊಬೇಕು."

ಬಚ್ಚಲಲ್ಲಿ ಒಲೆ ಊದುತ್ತಿದ್ದ ಸಾಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದಳು. ಮದಲೇನಮ್ಮನ ಕೈಯಲ್ಲಿ ಏನಿದೆಯೆಂದು ಕಂಡಿತು, ಅಲ್ಲೇ ನಿಂತಳು.

"ತಡಿಯವ್ವ, ಕೈ ತೊಳ್ಕ ಬತ್ತೀನಿ."

ತೊಳೆದು, ಒರೆಸಿ, ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಎಲೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. "ಇದು ಯಾರ್ಗೆ?"

"ಅವ್ರಿಗೆ. ಮೊದಲ್ನೇದು ಅವ್ರ ತಲೆ ಹತ್ರ ಇಡೋಕೆ. ಆಮೇಲೆ ಊರಿಗೆ." ಮದಲೇನಮ್ಮ ಮಡಿಕೆಗಳನ್ನು ಒತ್ತಿ ಹಿಡಿದು ಸಂದು ಬಿಡಿಸಿದಳು. "ಈಗ ಎಳೀರಿ. ನಾನು ಹೇಳೋಗಂಟ ಬುಡ್ಬೇಡಿ ಅಕ್ಕ."

"ನಾನ್ಯಾಕವ್ವ ಬುಡ್ಲಿ," ಎಂದು ಸಾಕಮ್ಮ ಎಳೆದಳು.